ಕೆಟ್ಟ ಯಂತ್ರವೂ ಒಂದು ಪಾಠವೇ

ಕಾಫಿಯ ಫಿಲ್ಟರಿನಲ್ಲಿ ನೀರನ್ನು ಕೆಳಗಿಳಿಸುವುದು ಗುರುತ್ವಾಕರ್ಷಣೆ. ಆದುದರಿಂದ ಅಲ್ಲಿ ಕೆಡುವಂಥದು ಹೆಚ್ಚೇನೂ ಇಲ್ಲ. ಈಗ ನಮ್ಮ ಕೆಲವು ಮನೆಗಳನ್ನು ಸೇರಿರುವ ಎಸ್ಪ್ರೆಸೊ ಯಂತ್ರದ ಮಾತು ಬೇರೆ. ಇಟಲಿಯಲ್ಲಿ ಹುಟ್ಟಿ ಬೆಳೆದ ಈ ಯಂತ್ರದಲ್ಲಿ ಪುಟ್ಟ ವಿದ್ಯುತ್ ಪಂಪೊಂದು, 90 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾಗಿ ಕಾದ ನೀರನ್ನು ವಾತಾವರಣದ ಒತ್ತಡದ ಸುಮಾರು 9 ಪಟ್ಟು ಒತ್ತಡದಿಂದ ನುಣ್ಣನೆಯ ಪುಡಿಯ ಮೂಲಕ ನೂಕುತ್ತದೆ. ಅರ್ಧ ನಿಮಿಷದೊಳಗೆ ಕಾಫಿ ಸಿದ್ಧ.

ಬೆಂಗಳೂರಿನ ನಮ್ಮ ಮನೆಯ ಯಂತ್ರವು ಒಂದು ಬೆಳಿಗ್ಗೆ ಗುಂಯ್‌ಗುಡುತ್ತಿದ್ದರೂ ತೊಟ್ಟುತೊಟ್ಟಾಗಿ ಮಾತ್ರ ನೀರನ್ನಿಳಿಸಿತು. ದುರಸ್ತಿಗಾರರೊಬ್ಬರು ಯಂತ್ರವನ್ನು ನೋಡದೆಯೇ, ‘ಪಂಪು ಹೋಗಿದೆ, ಹೊಸದನ್ನು ಹಾಕಬೇಕು’ ಎಂದು ದೂರವಾಣಿಯಲ್ಲಿ ತೀರ್ಪಿತ್ತರು. ನಾವು ಒಂದು ದಿನದ ಅವಧಿ ಬೇಡಿದೆವು.

ನೀರು ಸಾಗುವ ದಾರಿಯನ್ನು ಮೊದಲು ಕಾಗದದ ಮೇಲೆ ಬರೆದೆವು: ತೊಟ್ಟಿ, ಪಂಪು, ಬಾಯ್ಲರ್, ಅಲ್ಲಿಂದ ಒಂದು ಕವಲು ಹಬೆಯ ನಳಿಗೆಗೆ, ಇನ್ನೊಂದು ಕಾಫಿಪುಡಿಯ ಮೇಲಿರುವ ಜಾಲರಿಗೆ. ತೊಟ್ಟಿ ತುಂಬಿತ್ತು. ನಳಿಗೆಯನ್ನು ತೆರೆದೆವು, ಬಿಸಿನೀರು ಧಾರಾಳವಾಗಿ ಹೊಮ್ಮಿತು. ಎಂದರೆ ಪಂಪು ನೀರೆತ್ತುತ್ತಿದೆ, ಬಾಯ್ಲರಿನವರೆಗಿನ ದಾರಿ ತೆರವಾಗಿದೆ. ಅಲ್ಲಿಯೂ ನೀರು ಬಾರದಿದ್ದರೆ ಪಂಪಿನಲ್ಲಿ ಗಾಳಿ ಸೇರಿದೆಯೇ ಎಂದು ಶಂಕಿಸಬೇಕಾಗುತ್ತಿತ್ತು. ಗಾಳಿಯು ಸಂಕುಚಿಸಬಲ್ಲದು, ನೀರು ಬಹುಮಟ್ಟಿಗೆ ಸಂಕುಚಿಸದು. ಬಳಿಕ ಪುಡಿಯ ಬಟ್ಟಲನ್ನು ತೆಗೆದು ಯಂತ್ರವನ್ನು ಬರಿದೇ ನಡೆಸಿದೆವು. ಆಗಲೂ ತೊಟ್ಟುಗಳೇ. ಆದ್ದರಿಂದ ಪುಡಿ ಅತಿ ನುಣ್ಣಗಾಯಿತೆಂಬ ಸಂದೇಹವೂ ನೀಗಿತು. ಒಂದು ತಿರುಪನ್ನೂ ಬಿಚ್ಚದೆ, ದೋಷವು ಬಾಯ್ಲರಿನಿಂದ ಜಾಲರಿಗೆ ಇಳಿಯುವ ಕೊನೆಯ ತುಣುಕು ದಾರಿಯಲ್ಲಿದೆಯೆಂದು ತಿಳಿಯಿತು.

ವಿದ್ಯುತ್ ಸಂಪರ್ಕ ತಪ್ಪಿಸಿ, ಯಂತ್ರ ಪೂರ್ಣ ತಣಿದ ಮೇಲೆ ಜಾಲರಿಯನ್ನು ಕಳಚಿದೆವು. ಅದರ ಹಿಂದೆ ಕಾಫಿಯ ಜಿಡ್ಡು, ಬಿಳಿಯ ಗಟ್ಟಿ ಪದರ. ಪದರದ ಚೂರೊಂದರ ಮೇಲೆ ನಿಂಬೆರಸ ಹಿಂಡಿದಾಗ ಗುಳ್ಳೆಗಳೆದ್ದವು. ನಾವು ಬಳಸುತ್ತಿದ್ದುದು ಕೊಳವೆಬಾವಿಯ ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ತಳವೂರುತ್ತದೆ. ಜಾಲರಿಯನ್ನು ಉಜ್ಜಿ ತೊಳೆದು, ಕೈಪಿಡಿಯ ಸೂಚನೆಯಂತೆ ಸಿಟ್ರಿಕ್ ಆಮ್ಲದ ದ್ರಾವಣವನ್ನೂ ಅನಂತರ ಶುದ್ಧ ನೀರನ್ನೂ ಹಾಯಿಸಲು, ಯಂತ್ರ ಮೊದಲಿನಂತಾಯಿತು.

ನಮಗೆ ವಿಷಾದವೆನಿಸಿದ್ದು ಬೇರೊಂದು. ಇದೇ ಕ್ರಿಯೆಯ ಸಮೀಕರಣವನ್ನು ಪರೀಕ್ಷೆಯಲ್ಲಿ ಬರೆದು ಪೂರ್ಣಾಂಕ ಪಡೆದ ಕಾಲೇಜು ವಿದ್ಯಾರ್ಥಿಯೊಬ್ಬನು ನಮ್ಮ ಮನೆಯಲ್ಲಿಯೇ ಇದ್ದನು. ಆ ಬಿಳಿಯ ಪದರ ಅದೇ ವಸ್ತುವೆಂಬುದು ಅವನಿಗೆ ಹೊಳೆಯಲಿಲ್ಲ. ತಪ್ಪು ಅವನದಲ್ಲ. ನಮ್ಮ ಪ್ರಯೋಗಶಾಲೆಗಳು ಅವನ ಕೈಗೆ ಕೊಟ್ಟುದು ಸರಿಯಾಗಿ ನಡೆಯುವ ಉಪಕರಣಗಳನ್ನು, ಉತ್ತರ ಮೊದಲೇ ತಿಳಿದಿರುವ ಪ್ರಶ್ನೆಗಳನ್ನು. ಏಕೆ ನಡೆಯುತ್ತಿಲ್ಲವೆಂದು ಹುಡುಕುವ ಅಭ್ಯಾಸ ಅಲ್ಲಿ ದೊರೆಯುವುದಿಲ್ಲ.

ತಿಂಗಳಿಗೆ ಒಂದು ಅವಧಿಯನ್ನಾದರೂ ಶಾಲೆಗಳು ಕೆಟ್ಟ ವಸ್ತುಗಳಿಗೆ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಇದು ಅಪಾಯಕರವೆಂದು ಆಕ್ಷೇಪಿಸುವವರುಂಟು. ವಿದ್ಯುತ್ತಿನ ಉಪಕರಣಗಳೇ ಆಗಬೇಕಿಲ್ಲ. ಸೈಕಲ್ ಪಂಪು, ಸೋರುವ ನಲ್ಲಿ ಸಾಕು. ದುರಸ್ತಿಗಾರರ ಊಹೆಯೇ ನಿಜವಾಗಿದ್ದರೆ ಎಂದು ಕೇಳಬಹುದು. ಆಗುವ ಸಂಭವವಿತ್ತು, ಆದರೆ ಪರೀಕ್ಷಿಸದ ಊಹೆ ಸರಿಯಾದರೂ ಅದು ಅದೃಷ್ಟವೇ ಹೊರತು ಜ್ಞಾನವಲ್ಲ.

ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಯಲ್ಲಿ ಕೆಟ್ಟ ವಸ್ತುವೊಂದಿದ್ದರೆ ಅದನ್ನು ಎಸೆಯಲು ಬಿಡುವ ಮುನ್ನ, ಅದರೊಳಗೆ ಏನು ಎಲ್ಲಿಂದ ಎಲ್ಲಿಗೆ ಸಾಗಬೇಕೆಂಬುದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಎಲ್ಲಿಯವರೆಗೆ ಸಾಗುತ್ತಿದೆಯೆಂದು ನೋಡಿರಿ. ಬಿಚ್ಚುವ ಕೆಲಸ ಆಮೇಲಿನದು.