ಎಷ್ಟು ಗಂಟೆಗೆ ಅಳೆದಿರಿ?

ಪರೀಕ್ಷೆಗಳು ಮುಗಿಯುತ್ತಾ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. 'ರಜೆಯಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧನೆ ಕಲಿಸುತ್ತಾರಂತೆ, ನಮ್ಮಂಥ ಮಕ್ಕಳಿಗೂ ಸೇರಿಸಿಕೊಳ್ಳುತ್ತಾರಾ ತಾತ?' ಎಂದು ಮಕ್ಕಳು ಕೇಳುತ್ತಾರೆ. 'ಅಲ್ಲಿಗೆ ಕಳಿಸಿದರೆ ಟ್ಯೂಷನ್ ತಪ್ಪುತ್ತದಲ್ಲ, ಕಳಿಸುವುದು ಒಳ್ಳೆಯದೇ?' ಎಂದು ಅಜ್ಜ-ಅಜ್ಜಿಯರು ಕೇಳುತ್ತಾರೆ. ಈ ವಾರ ಇಬ್ಬರಿಗೂ ಉತ್ತರ.

ಇದು ಹೊಸ ಯೋಚನೆಯೇನಲ್ಲ. ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. 1963ರಲ್ಲಿ ಎನ್‌ಸಿಇಆರ್‌ಟಿ ವಿಜ್ಞಾನ ಪ್ರತಿಭಾ ಶೋಧ ಎಂಬ ಯೋಜನೆ ಶುರುಮಾಡಿತು. ಮೊದಲ ವರ್ಷ ದೆಹಲಿಯಲ್ಲಿ ಮಾತ್ರ, ಬರೀ 10 ವಿದ್ಯಾರ್ಥಿವೇತನ. ಮರುವರ್ಷ ಇಡೀ ದೇಶಕ್ಕೆ 350. ಹನ್ನೊಂದನೇ ತರಗತಿಯ ಮಕ್ಕಳು ಬರೀ ಪರೀಕ್ಷೆ ಬರೆದರೆ ಸಾಲುತ್ತಿರಲಿಲ್ಲ. ತಾವೇ ಮಾಡಿದ ಒಂದು ಪ್ರಾಜೆಕ್ಟಿನ ವರದಿಯನ್ನೂ ಕೊಡಬೇಕಿತ್ತು, ಸಂದರ್ಶನಕ್ಕೂ ಕೂರಬೇಕಿತ್ತು. ಅದೇ 1963ರಲ್ಲಿ ಅದೇ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜನ್ನೂ ತೆರೆಯಿತು. ನಾನಿರುವ ಬೋಗಾದಿಯಿಂದ ಪೇಟೆಗೆ ಹೊರಟರೆ ಮಾನಸಗಂಗೋತ್ರಿ ಸಿಕ್ಕೇ ಸಿಗುತ್ತದೆ.

ಆಮೇಲೆ 1999ರಲ್ಲಿ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದನ್ನು ನಡೆಸುತ್ತಿತ್ತು. ಆಯ್ಕೆಯಾದ ಮಕ್ಕಳಿಗೆ ಬೇಸಿಗೆ ಶಿಬಿರಗಳಿದ್ದವು. 2022ರಲ್ಲಿ ಅದನ್ನು 'ಇನ್‌ಸ್ಪೈರ್' ಯೋಜನೆಯೊಳಗೆ ಸೇರಿಸಿದರು. ಒಂಬತ್ತನೇ ತರಗತಿಯವರಿಗೆ ಇಸ್ರೋದ 'ಯುವಿಕಾ' ಇದೆ. 2019ರಲ್ಲಿ ಶುರುವಾದದ್ದು. ಬೇಸಿಗೆಯಲ್ಲಿ ಸುಮಾರು ಎರಡು ವಾರ ಇಸ್ರೋ ಕೇಂದ್ರಗಳಲ್ಲೇ ಉಳಿದು ಕಲಿಯುವುದು. ಊಟ, ವಸತಿ, ಪ್ರಯಾಣದ ಖರ್ಚು ಅವರದೇ. ಎಂಟನೇ ತರಗತಿಯ ಅಂಕದ ಜೊತೆಗೆ ಹಳ್ಳಿ ಶಾಲೆಯಲ್ಲಿ ಓದುವುದಕ್ಕೂ ಅಲ್ಲಿ ಬೆಲೆಯಿದೆ. ಹಳ್ಳಿಯ ಮಕ್ಕಳು ಇದನ್ನು ಗಮನಿಸಿ.

ಆದರೆ ಅಲ್ಲಿ ಹೋಗಿ ಮಾಡುವುದೇನು? ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕಳೆದ ಬೇಸಿಗೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನನ್ನ ಮೊಮ್ಮಗಳು ಮೊದಲ ಪಿಯುಸಿ ಮುಗಿಸಿದ್ದಳು. ಯಾವ ಯೋಜನೆಯಲ್ಲೂ ಆಯ್ಕೆಯಾಗಿರಲಿಲ್ಲ. ತಾನೇ ಕೂತು ನಾಲ್ಕೈದು ಪ್ರಾಧ್ಯಾಪಕರಿಗೆ ಪತ್ರ ಬರೆದಳು. ಒಬ್ಬ ಮೇಡಂ 'ನಾಲ್ಕು ವಾರ ಬಾ, ಸಂಬಳವೂ ಇಲ್ಲ, ಶುಲ್ಕವೂ ಇಲ್ಲ' ಎಂದು ಉತ್ತರಿಸಿದರು. ಮನೆಯಲ್ಲಿ ದೊಡ್ಡ ಚರ್ಚೆ. ಸ್ನೇಹಿತೆಯರೆಲ್ಲ ನೀಟ್ ಕೋಚಿಂಗಿಗೆ ಸೇರಿಯಾಗಿತ್ತು. 'ನಾಲ್ಕು ವಾರ ಹಿಂದೆ ಬಿದ್ದರೆ ಆಮೇಲೆ ಹಿಡಿಯೋಕಾಗುತ್ತಾ ಮಾವ?' ಎಂದು ಸೊಸೆ ನನ್ನನ್ನೇ ಕೇಳಿದಳು. ಆ ಭಯ ಸುಳ್ಳಲ್ಲ. ಒಂದೊಂದು ಅಂಕಕ್ಕೂ ಎಷ್ಟೋ ಮಕ್ಕಳು ಸಾಲು ನಿಂತಿರುವ ಕಾಲ ಇದು. ಕೊನೆಗೆ ಹಗಲು ಪ್ರಯೋಗಾಲಯ, ಸಂಜೆ ಓದು ಎಂದು ಒಪ್ಪಂದವಾಯಿತು.

ಅವಳಿಗೆ ಕೊಟ್ಟ ಕೆಲಸ ಒಂದೇ. ಕುಕ್ಕರಹಳ್ಳಿ ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವುದು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು. ಊರ ಕೊಳಚೆ ಅದಕ್ಕೆ ಸೇರುತ್ತದೆಂಬ ದೂರು ಇಂದು ನಿನ್ನೆಯದಲ್ಲ.

ಅಳೆಯುವ ವಿಧಾನವನ್ನು ಹಂಗೇರಿಯ ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞ 1888ರಲ್ಲಿ ಕೊಟ್ಟದ್ದು. ಬಾಟಲಿಯಲ್ಲಿ ಒಂದು ಗುಳ್ಳೆಯೂ ಇರದಂತೆ ನೀರು ತುಂಬಬೇಕು. ಅದಕ್ಕೆ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಅಯೊಡೈಡ್ ಇರುವ ಕ್ಷಾರ ಹಾಕಿದರೆ ತಳದಲ್ಲಿ ಗಸಿ ನಿಲ್ಲುತ್ತದೆ. ಆಮ್ಲಜನಕ ಇದ್ದರೆ ಗಸಿ ಕಂದು, ಇಲ್ಲದಿದ್ದರೆ ಬಿಳಿ. ಆಮೇಲೆ ಆಮ್ಲ ಹಾಕಿದಾಗ ಗಸಿ ಕರಗಿ ಅಯೊಡಿನ್ ಹೊರಬಂದು ನೀರು ಹಳದಿಯಾಗುತ್ತದೆ. ಥಯೋಸಲ್ಫೇಟ್ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡುತ್ತಾ, ಬಣ್ಣ ತೆಳುವಾದಾಗ ಒಂದಿಷ್ಟು ಪಿಷ್ಟ ಸೇರಿಸಿದರೆ ನೀಲಿಯಾಗುತ್ತದೆ. ಆ ನೀಲಿ ಮಾಯವಾಗಲು ಎಷ್ಟು ತೊಟ್ಟು ಬೇಕಾಯಿತು ಎಂಬುದರಿಂದ ಲೆಕ್ಕ. ಮೊದಲ ವಾರವೆಲ್ಲ ಇದನ್ನು ಕಲಿಯುವುದರಲ್ಲೇ ಹೋಯಿತು. ಗುಳ್ಳೆ ಸೇರಿಕೊಂಡ ಬಾಟಲಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಚೆಲ್ಲಿದಳು.

ಎರಡನೇ ವಾರ ಮಧ್ಯಾಹ್ನ ಎರಡು ಗಂಟೆಯ ನೀರಿನಲ್ಲಿ ಆಮ್ಲಜನಕ ಚೆನ್ನಾಗಿಯೇ ಸಿಕ್ಕಿತು. 'ತಾತ, ಕೆರೆ ಆರೋಗ್ಯವಾಗಿದೆ!' ಎಂದು ಕುಣಿದುಕೊಂಡು ಬಂದಳು. ಮರುದಿನ ಮೇಡಂ ಪುಸ್ತಕ ನೋಡಿ ಕೇಳಿದ್ದು ಒಂದೇ ಮಾತು: 'ಎಷ್ಟು ಗಂಟೆಗೆ ಅಳೆದೆ?'

ಆ ಮಾತಿನಿಂದ ನನ್ನ ಬೆಳಗಿನ ನಿದ್ದೆ ಹೋಯಿತು. ಸೂರ್ಯ ಹುಟ್ಟುವ ಮೊದಲೇ ನೀರು ತೆಗೆಯಬೇಕು, ಒಬ್ಬಳನ್ನೇ ಕಳಿಸುವ ಹಾಗಿಲ್ಲ. ಹಾಗಾಗಿ ಸ್ಕೂಟರಿನಲ್ಲಿ ನಾನು, ಹಿಂದೆ ಬಾಟಲಿಗಳ ಚೀಲ ಹಿಡಿದು ಅವಳು. ಬೆಳಗಿನ ನೀರಿನ ಗಸಿ ಮಧ್ಯಾಹ್ನದ್ದಕ್ಕಿಂತ ಎಷ್ಟೋ ತಿಳಿಯಾಗಿತ್ತು.

ಕಾರಣ ಮಕ್ಕಳಿಗೆ ಗೊತ್ತಿರುವುದೇ. ಹಗಲಿನಲ್ಲಿ ನೀರಿನ ಪಾಚಿ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತಾ ಆಮ್ಲಜನಕ ಬಿಡುತ್ತದೆ. ರಾತ್ರಿ ಆ ಕೆಲಸ ನಿಲ್ಲುತ್ತದೆ, ಆದರೆ ಪಾಚಿ, ಮೀನು, ಸೂಕ್ಷ್ಮಜೀವಿ ಎಲ್ಲವೂ ಉಸಿರಾಡುತ್ತಲೇ ಇರುತ್ತವೆ. ಹಾಗಾಗಿ ಬೆಳಗಿನ ಜಾವಕ್ಕೆ ಆಮ್ಲಜನಕ ಅತಿ ಕಡಿಮೆ. ಕೊಳಚೆ ಸೇರಿ ಪಾಚಿ ಹೆಚ್ಚಿದ ಕೆರೆಯಲ್ಲಿ ಈ ಏರಿಳಿತವೂ ಹೆಚ್ಚು. ಅಂಥ ಕೆರೆಗಳಲ್ಲಿ ಮೀನು ಸಾಯುವುದು ಸಾಮಾನ್ಯವಾಗಿ ಬೆಳಗಿನ ಜಾವವೇ. ಮಧ್ಯಾಹ್ನದ ಒಂದೇ ಅಳತೆ ಸುಳ್ಳಲ್ಲ, ಅರ್ಧ ಮಾತು ಅಷ್ಟೆ.

ಮೂರನೇ ವಾರ ಇನ್ನೊಂದು ಪೇಚಾಟ. ಒಂದು ದಿನ ಮಧ್ಯಾಹ್ನವೂ ಆಮ್ಲಜನಕ ಏರಲಿಲ್ಲ. ಆ ಸಂಖ್ಯೆ ಸೇರಿಸಿದರೆ ಅಚ್ಚುಕಟ್ಟಾಗಿದ್ದ ಗ್ರಾಫ್ ಕೆಡುತ್ತಿತ್ತು. 'ಬಿಟ್ಟುಬಿಡಲಾ ಮೇಡಂ?' ಎಂದಳು. 'ಬಾಟಲಿಯಲ್ಲಿ ಗುಳ್ಳೆ ಇತ್ತಾ?' 'ಇಲ್ಲ.' 'ಹಾಗಾದರೆ ಬಿಡುವ ಹಾಗಿಲ್ಲ. ಆ ದಿನ ಏನಾಗಿತ್ತು ಅಂತ ಪಕ್ಕದಲ್ಲಿ ಬರಿ.' ಆ ದಿನ ಬೆಳಗಿನಿಂದ ಮೋಡ, ಆಮೇಲೆ ಮಳೆ. ಬಿಸಿಲಿಲ್ಲದಿದ್ದರೆ ಪಾಚಿ ತಾನೇ ಏನು ಮಾಡೀತು? ಗ್ರಾಫ್ ಕೆಡಿಸಿದ ಆ ಒಂದು ಚುಕ್ಕೆಯೇ ಅವಳ ವಿವರಣೆಗೆ ಸಾಕ್ಷಿಯಾಗಿ ನಿಂತಿತು.

ಕೊನೆಯ ದಿನ ಎಂಟು ಜನರ ಮುಂದೆ ಹತ್ತು ನಿಮಿಷ ಮಾತಾಡಿದಳು. ಬಹುಮಾನವಿಲ್ಲ, ಪತ್ರಿಕೆಯಲ್ಲಿ ಫೋಟೋ ಇಲ್ಲ. ಕೋಚಿಂಗಿನಲ್ಲಿ ಎರಡು ಅಧ್ಯಾಯ ಹಿಂದೆ ಬಿದ್ದಿದ್ದು ನಿಜ, ಅದನ್ನು ಹಿಡಿಯಲು ಜೂನ್ ತಿಂಗಳೆಲ್ಲ ಒದ್ದಾಡಿದ್ದೂ ನಿಜ. ವಿಜ್ಞಾನಿಯಾಗುತ್ತಾಳೋ ಡಾಕ್ಟರಾಗುತ್ತಾಳೋ ಅವಳಿಗೇ ಗೊತ್ತಿಲ್ಲ. ಆದರೆ ಈಗ ಪೇಪರಿನಲ್ಲಿ 'ನೀರು ಶುದ್ಧವಾಗಿದೆ', 'ಗಾಳಿ ಸುಧಾರಿಸಿದೆ' ಎಂದು ಓದಿದಾಗಲೆಲ್ಲ 'ಎಲ್ಲಿ ಅಳೆದರಂತೆ ತಾತ? ಎಷ್ಟು ಗಂಟೆಗೆ?' ಎಂದು ಕೇಳುತ್ತಾಳೆ. ಯಾವ ಕೆಲಸಕ್ಕೆ ಹೋದರೂ ಈ ಪ್ರಶ್ನೆ ಅವಳ ಜೊತೆಗಿರುತ್ತದೆ. ಟ್ಯೂಷನ್ ಬಗ್ಗೆ ಕೇಳಿದ ಹಿರಿಯರಿಗೆ ನನ್ನ ಉತ್ತರ ಇದೇ: ಕಳಿಸಿ. ನಷ್ಟವಿದೆ, ಅದನ್ನು ತುಂಬಿಕೊಳ್ಳಬಹುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 'ಸಂಶೋಧನಾ ಪ್ರಬಂಧದಲ್ಲಿ ನಿಮ್ಮ ಮಗುವಿನ ಹೆಸರು ಹಾಕಿಸುತ್ತೇವೆ, ವಿದೇಶದ ಕಾಲೇಜಿಗೆ ಅನುಕೂಲ' ಎಂದು ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಮಗುವಿಗೆ ಹೇಳಿಕೊಡುವವರು ಯಾರು, ಅವರ ಜೊತೆ ಮಾತಾಡಬಹುದೇ? ಮಗು ದಿನವೂ ತನ್ನ ಕೈಯಾರೆ ಏನು ಮಾಡುತ್ತದೆ? ಶುಲ್ಕ ಯಾವುದಕ್ಕೆ? ಉತ್ತರ ಅಂದುಕೊಂಡಂತೆ ಬಾರದಿದ್ದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ.

ಆಯ್ಕೆಯಾಗದ ಮಕ್ಕಳೇ, ಬೇಸರ ಬೇಡ. 10ರಿಂದ 17 ವರ್ಷದವರಿಗೆ 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತಿದೆ. ನಿಮ್ಮ ಊರಿನದೇ ಒಂದು ಸಮಸ್ಯೆಯನ್ನು ಹಿಡಿದು, ಅಳೆದು, ವರದಿ ಬರೆಯಬೇಕು. ಕನ್ನಡದಲ್ಲೇ ಬರೆಯಬಹುದು. ನಿಮ್ಮ ವಿಜ್ಞಾನದ ಮೇಷ್ಟರನ್ನು ವಿಚಾರಿಸಿ.

ಅದಕ್ಕೂ ಕಾಯಬೇಕಿಲ್ಲ. ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್ ಸಾಕು. ಮನೆಯ ತೊಟ್ಟಿಯ ನೀರು ಬೆಳಿಗ್ಗೆ ಆರಕ್ಕೆ ಎಷ್ಟು ಬಿಸಿ, ಮಧ್ಯಾಹ್ನ ಎರಡಕ್ಕೆ ಎಷ್ಟು, ರಾತ್ರಿ ಎಂಟಕ್ಕೆ ಎಷ್ಟು? ಮೂವತ್ತು ದಿನ ಬರೆಯಿರಿ. ತಾರೀಖು, ಗಂಟೆ, ಬಿಸಿಲೋ ಮೋಡವೋ ಎಲ್ಲ ಇರಲಿ. ಸರಿಹೊಂದದ ಸಂಖ್ಯೆಯನ್ನು ಅಳಿಸಬೇಡಿ, ಪಕ್ಕದಲ್ಲಿ ಕಾರಣ ಹುಡುಕಿ. ಅಜ್ಜ-ಅಜ್ಜಿಯರೇ, ಬೆಳಗಿನ ಆರರ ಅಳತೆಗೆ ಮಕ್ಕಳನ್ನು ಎಬ್ಬಿಸುವ ಕೆಲಸ ನಿಮ್ಮದು. ನಿಮ್ಮ ಊರ ಕೆರೆ, ಬಾವಿ ಹಿಂದೆ ಯಾವ ತಿಂಗಳವರೆಗೆ ತುಂಬಿರುತ್ತಿದ್ದವು ಎಂಬುದನ್ನೂ ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸಿ. ಅದು ಯಾವ ಪ್ರಯೋಗಾಲಯದಲ್ಲೂ ಸಿಗುವುದಿಲ್ಲ.

ಮೂವತ್ತು ದಿನ ಮುಗಿದ ಮೇಲೆ ನನಗೊಂದು ಪತ್ರ ಬರೆಯಿರಿ. ಎಷ್ಟು ಗಂಟೆಗೆ ಅಳೆದಿರಿ ಎಂಬುದನ್ನು ಮರೆಯದೆ ತಿಳಿಸಿ.