ಅಂತರ್ಜಾಲದ ಹರಾಜು ಮತ್ತು ಕೊಳ್ಳುವವನ ವಿವೇಕ

ಕನ್ನಡ ನಾಡಿನ ಜನರಿಗೆ ಹರಾಜು ಎಂಬುದು ಹೊಸ ವಿಷಯವಲ್ಲ. ಆ ವ್ಯವಹಾರಕ್ಕೆ ನಾವು ಬಳಸುವ ಶಬ್ದಗಳು ದೂರದಿಂದ ಬಂದು ಇಲ್ಲಿಯವೇ ಆಗಿಬಿಟ್ಟಿವೆ. 'ಹರಾಜು' ಅರಬ್ಬೀ ಮೂಲದ ಶಬ್ದ. 'ಸವಾಲು' ಎಂಬುದೂ ಅಲ್ಲಿಯದೇ. ಉತ್ತರ ಕರ್ನಾಟಕದಲ್ಲಿ ಕೇಳಿಬರುವ 'ಲಿಲಾವು' ಪೋರ್ತುಗೀಸರಿಂದ ಹೊರಟು ಮರಾಠಿಯ ಮಾರ್ಗವಾಗಿ ನಮ್ಮನ್ನು ತಲಪಿತು. ಇವುಗಳಲ್ಲಿ 'ಸವಾಲು' ಎಂಬುದಕ್ಕೆ ಮೂಲದಲ್ಲಿ 'ಪ್ರಶ್ನೆ' ಎಂದು ಅರ್ಥ. ಈ ಅರ್ಥವನ್ನು ಇಂದಿನ ಗ್ರಾಹಕನು ನೆನಪಿನಲ್ಲಿಡುವುದು ಒಳ್ಳೆಯದು. ಪ್ರಶ್ನಿಸದೆ ಕೊಳ್ಳುವವನಿಗೆ ಸವಾಲಿನ ಕಟ್ಟೆಯಲ್ಲಿ ಎಂದೂ ಕ್ಷೇಮವಿರಲಿಲ್ಲ. ಈಗಂತೂ ಇಲ್ಲವೇ ಇಲ್ಲ.

ಹಿಂದಿನ ಸವಾಲಿಗೆ ಮೂರು ಕಾವಲುಗಳಿದ್ದುವು. ಮಾರುವ ವಸ್ತು ಕಣ್ಣೆದುರಿಗಿರುತ್ತಿತ್ತು. ಎತ್ತಾದರೆ ಹಲ್ಲು ಹಿಡಿದು ನೋಡಬಹುದಾಗಿತ್ತು, ಪಾತ್ರೆಯಾದರೆ ಬಡಿದು ಸದ್ದು ಕೇಳಬಹುದಾಗಿತ್ತು. ಮಾರುವವನ ಮುಖ ಪರಿಚಿತವಾಗಿರುತ್ತಿತ್ತು. ಸುತ್ತ ನೆರೆದ ಹತ್ತು ಜನರು 'ಒಂದು ಸಲ, ಎರಡು ಸಲ, ಮೂರು ಸಲ' ಎಂಬ ಕೂಗಿಗೆ ಸಾಕ್ಷಿಯಾಗಿರುತ್ತಿದ್ದರು. ಅಂತರ್ಜಾಲದ ಹರಾಜಿನಲ್ಲಿ ಈ ಮೂರೂ ಇಲ್ಲ. ವಸ್ತುವಿನ ಬದಲು ಚಿತ್ರ, ಮನುಷ್ಯನ ಬದಲು ಹೆಸರು, ಸಾಕ್ಷಿಗಳ ಬದಲು ಅಪರಿಚಿತರ ಅಭಿಪ್ರಾಯಗಳು ಅಲ್ಲಿವೆ.

ಈ ಹೊಸ ಕಟ್ಟೆಗೆ ಅಡಿಗಲ್ಲು ಬಿದ್ದುದು 1995ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಆರಂಭಿಸಿದ ತಾಣವೇ ಮುಂದೆ 'ಇಬೇ' ಎಂದು ಪ್ರಸಿದ್ಧವಾಯಿತು. ಅದು 2004ರಲ್ಲಿ 'ಬಾಜೀ' ಎಂಬ ತಾಣವನ್ನು ಕೊಂಡು ಭಾರತಕ್ಕೆ ಬಂದಿತು. 2018ರಲ್ಲಿ ಅದರ ಭಾರತೀಯ ತಾಣವು ಮುಚ್ಚಿತು. ಆದರೆ ಹರಾಜಿನ ಪದ್ಧತಿ ಮುಚ್ಚಲಿಲ್ಲ. ಹೊರದೇಶಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇಬೇ ಚಿರಪರಿಚಿತ. ಇಲ್ಲಿ ಬ್ಯಾಂಕುಗಳು ಸಾಲಗಾರರ ಮನೆ ನಿವೇಶನಗಳನ್ನು ಅಂತರ್ಜಾಲದಲ್ಲಿಯೇ ಹರಾಜು ಹಾಕುತ್ತವೆ. ಹಳೆಯ ವಸ್ತುಗಳ ಚೌಕಾಸಿಯಂತೂ ಪ್ರತಿಯೊಬ್ಬರ ಅಂಗೈಯಲ್ಲಿ ನಡೆದಿದೆ.

'ಇಂಥ ವ್ಯವಹಾರವೇ ಬೇಡ' ಎಂದು ದೂರ ಸರಿಯುವವರಿದ್ದಾರೆ. ಅವರ ಭಯ ನಿರಾಧಾರವಲ್ಲವಾದರೂ ಅವರ ತೀರ್ಮಾನ ಸರಿಯಲ್ಲ. ಅಂಗಡಿಯಲ್ಲಿ ದೊರೆಯದ ಹಳೆಯ ಗ್ರಂಥ, ನಿಂತುಹೋದ ಯಂತ್ರದ ಬಿಡಿಭಾಗ, ಬಡ ವಿದ್ಯಾರ್ಥಿಗೆ ಎಟುಕುವ ಬೆಲೆಯ ಗಣಕಯಂತ್ರ ಇಲ್ಲಿ ದೊರೆಯುತ್ತವೆ. ಬಾವಿಯಲ್ಲಿ ಬಿದ್ದವರುಂಟೆಂದು ಯಾರೂ ನೀರು ಸೇದುವುದನ್ನು ಬಿಡಲಿಲ್ಲ, ಕಟ್ಟೆಯನ್ನು ಎತ್ತರಿಸಿದರು.

ಆ ಕಟ್ಟೆಯ ಮೊದಲ ಕಲ್ಲು ಮನಸ್ಸಿನ ನಿಗ್ರಹ. ಹರಾಜಿನಲ್ಲಿ ನಷ್ಟಕ್ಕೆ ಮೋಸಗಾರನೊಬ್ಬನೇ ಕಾರಣನಲ್ಲ. ಎದುರಾಳಿಯನ್ನು ಸೋಲಿಸಬೇಕೆಂಬ ನಮ್ಮ ಹಟವೂ ಕಾರಣ. ಹಲವರು ಒಂದು ವಸ್ತುವಿಗೆ ಬೆಲೆ ಕಟ್ಟುವಾಗ ಅದರ ಯೋಗ್ಯತೆಯನ್ನು ಮಿತಿಮೀರಿ ಎಣಿಸಿದವನೇ ಅನೇಕ ವೇಳೆ ಗೆಲ್ಲುತ್ತಾನೆ. ಇದನ್ನು ಅರ್ಥಶಾಸ್ತ್ರಜ್ಞರು 'ಗೆದ್ದವನ ಶಾಪ' ಎನ್ನುತ್ತಾರೆ. ಇದಕ್ಕೆ ಮದ್ದು ಇಬೇಯ ಏರ್ಪಾಟಿನಲ್ಲಿಯೇ ಇದೆ. ಕೊಳ್ಳುವವನು ತನ್ನ ಪರಮಾವಧಿ ಮೊತ್ತವನ್ನು ಒಮ್ಮೆ ತಿಳಿಸಿದರೆ ಸಾಕು. ಯಂತ್ರವು ಅದನ್ನು ಗುಟ್ಟಾಗಿಟ್ಟುಕೊಂಡು, ಪ್ರತಿಸ್ಪರ್ಧಿಯ ಬೆಲೆಗಿಂತ ತುಸು ಮಾತ್ರ ಮೇಲೇರಿಸುತ್ತ ಹೋಗುತ್ತದೆ. ಇದನ್ನು ಹೋಲುವ ಕ್ರಮವನ್ನು ವಿಲಿಯಂ ವಿಕ್ರೀ ಎಂಬ ವಿದ್ವಾಂಸರು 1961ರಲ್ಲಿಯೇ ವಿವೇಚಿಸಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು. ಆದುದರಿಂದ ಕಟ್ಟೆ ಹತ್ತುವ ಮೊದಲೇ ಮಿತಿಯನ್ನು ಕಾಗದದ ಮೇಲೆ ಬರೆದಿಡಬೇಕು. ಅದನ್ನು ನಿರ್ಧರಿಸುವಾಗ ಅಂಥ ವಸ್ತುಗಳಿಗೆ ಜನ ಕೇಳುತ್ತಿರುವ ಬೆಲೆಯನ್ನಲ್ಲ, ಅವು ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಬೇಕು. ಸಾಗಣೆಯ ವೆಚ್ಚವನ್ನೂ, ಪರದೇಶದ ಸರಕಾದರೆ ಸುಂಕವನ್ನೂ ಕೂಡಿಸಿಕೊಳ್ಳಬೇಕು. ಮಾರುವವನ ಕಡೆಯವನೇ ಕೊಳ್ಳುವವನಂತೆ ನಟಿಸಿ ಬೆಲೆಯೇರಿಸುವ ಕಪಟ ಅಲ್ಲಿಯೂ ಉಂಟು. ಮಿತಿ ಕಟ್ಟಿಕೊಂಡವನನ್ನು ಅದು ಮಿತಿಯಾಚೆಗೆ ಎಳೆಯಲಾರದು.

ಎರಡನೆಯದು ಹಣದ ದಾರಿ. 'ತಾಣದ ಹೊರಗೆ ನೇರವಾಗಿ ಹಣ ಕಳುಹಿಸಿ, ಕಡಿಮೆಗೆ ಕೊಡುತ್ತೇನೆ' ಎನ್ನುವವನ ಸಂಗ ಅಲ್ಲಿಗೇ ಬಿಡತಕ್ಕದ್ದು. ಹೊರದಾರಿ ಹಿಡಿದವನಿಗೆ ತಾಣದ ರಕ್ಷಣೆ ದೊರೆಯದು. ವಸ್ತು ಮಾರುವವರಿಗೂ ಬಲೆಯುಂಟು: 'ನಿಮಗೆ ಹಣ ಬರಬೇಕಾದರೆ ಈ ಸಂಕೇತಚಿತ್ರವನ್ನು ಸ್ಕ್ಯಾನ್ ಮಾಡಿ, ಪಿನ್ ಒತ್ತಿ' ಎನ್ನುತ್ತಾರೆ. ಯು.ಪಿ.ಐ.ನಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಎಂದೂ ಅಲ್ಲ. ಈ ಒಂದು ವಾಕ್ಯವನ್ನು ನಮ್ಮ ಮಕ್ಕಳು ಮನೆಯ ಹಿರಿಯರಿಗೆ ಬಾಯಿಪಾಠ ಮಾಡಿಸಬೇಕು.

ಹಳೆಯ ನಾಣ್ಯ ನೋಟುಗಳಿಗೆ ಲಕ್ಷಗಟ್ಟಲೆ ಬೆಲೆಯೆಂಬ ಆಸೆಯ ಮಾತಿಗೂ ಕಿವಿಗೊಡಬಾರದು. ತನ್ನ ಹೆಸರು ಹೇಳಿ ಇಂಥ ವ್ಯವಹಾರಕ್ಕೆ ಶುಲ್ಕ ಕೀಳುವವರ ವಿಷಯದಲ್ಲಿ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಕೆ ನೀಡಿದೆ. ಓಲೆಗರಿಗಳ ಮಾತು ಇನ್ನೂ ಗಂಭೀರ. 1972ರ ಪ್ರಾಚ್ಯವಸ್ತು ಕಾಯಿದೆಯ ಮೇರೆಗೆ 75 ವರ್ಷಕ್ಕೆ ಕಡಿಮೆಯಿಲ್ಲದ, ಸಾಹಿತ್ಯಕವಾಗಿಯೋ ಐತಿಹಾಸಿಕವಾಗಿಯೋ ಮೌಲ್ಯವುಳ್ಳ ಹಸ್ತಪ್ರತಿಯೂ ಪ್ರಾಚ್ಯವಸ್ತುವೇ. ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವುದೂ, ಖಾಸಗಿಯಾಗಿ ದೇಶದ ಹೊರಗೆ ಕಳುಹಿಸುವುದೂ ನಿಷಿದ್ಧ. ಅಜ್ಜನ ಕಾಲದ ಕಟ್ಟುಗಳನ್ನು ಅಟ್ಟದಿಂದಿಳಿಸಿದವರು ಅವನ್ನು ಹಸ್ತಪ್ರತಿ ಭಂಡಾರಕ್ಕೆ ಒಪ್ಪಿಸಲಿ.

ಬ್ಯಾಂಕಿನ ಹರಾಜಿನಲ್ಲಿ ಮನೆ ಕೊಳ್ಳುವವರು ಪ್ರಕಟಣೆಯಲ್ಲಿ ಬರುವ 'ಇದ್ದಲ್ಲಿ ಇದ್ದಂತೆ' ಎಂಬ ಎರಡು ಪದಗಳನ್ನು ಎರಡು ಬಾರಿ ಓದಬೇಕು. ಒಳಗಿರುವ ಬಾಡಿಗೆದಾರ, ಬಾಕಿ ತೆರಿಗೆ, ನ್ಯಾಯಾಲಯದಲ್ಲಿರುವ ವ್ಯಾಜ್ಯ ಎಲ್ಲವೂ ಕೊಂಡವನ ತಲೆಗೆ ಬರಬಹುದು. ಬೆಲೆಯ ನಾಲ್ಕನೆಯ ಒಂದು ಭಾಗವನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಗೆ ಕಟ್ಟಿ, ಉಳಿದುದನ್ನು ಗಡುವಿನೊಳಗೆ ತೀರಿಸದಿದ್ದರೆ ಕಟ್ಟಿದ ಹಣವೂ ಹೋಗುವುದು ನಿಯಮ.

ಕಾನೂನಿನ ಆಸರೆ ಇಲ್ಲದಿಲ್ಲ. 2020ರ ಇ-ವಾಣಿಜ್ಯ ನಿಯಮಗಳಂತೆ ತಾಣದವರು ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿದುದಾಗಿ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಆದರೆ ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ತನ್ನ ಹಳೆಯ ವಸ್ತುವನ್ನು ಮಾರಿದಾಗ ಆ ಇ-ವಾಣಿಜ್ಯ ನಿಯಮಗಳು ಅವನಿಗೆ ತಾಗವು. ಅಲ್ಲಿ ವಸ್ತುವನ್ನು ಕಣ್ಣಾರೆ ನೋಡಿ, ಕೈಗೆ ಬಂದ ಮೇಲೆಯೇ ಹಣ ಕೊಡುವುದು ಲೇಸು. ಮೋಸವಾಯಿತೆಂದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿ ಹೋಗುತ್ತದೆ.

ಇಷ್ಟಾದ ಮೇಲೆ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಈ ಎಚ್ಚರವನ್ನು ಗಣಕಯಂತ್ರದ ಅಧ್ಯಾಪಕರೊಬ್ಬರೇ ಕಲಿಸಲಿ ಎಂದು ಬಿಡುವುದು ತರವಲ್ಲ. ಇದು ಮೂಲತಃ ಓದಿನ ಪಾಠ. 'ಚರ್ಮದ ಚೀಲ' ಬೇರೆ, 'ಚರ್ಮದಂಥ ಚೀಲ' ಬೇರೆ. 'ಹೊಸದು' ಬೇರೆ, 'ಹೊಸದರಂತಿದೆ' ಬೇರೆ. ಉಪಮೆಗೂ ವಸ್ತುಸ್ಥಿತಿಗೂ ಇರುವ ಭೇದವನ್ನು ಅಲಂಕಾರದ ಪಾಠದಲ್ಲಿ ಕಲಿತ ಹುಡುಗನು ಬಾಜಾರಿನಲ್ಲಿ ಅದನ್ನು ಮರೆಯಬಾರದು. ಜಾಹೀರಾತು ಏನು ಹೇಳಿತು ಎಂಬುದರಷ್ಟೇ ಏನನ್ನು ಹೇಳದೆ ಬಿಟ್ಟಿತು ಎಂಬುದನ್ನೂ ಗ್ರಹಿಸುವುದೇ ನಿಜವಾದ ಸಾಕ್ಷರತೆ. ಕರಾರುಗಳು ಇಂಗ್ಲಿಷಿನಲ್ಲಿ ಮಾತ್ರ ಇರುವ ಕಡೆ ನಮ್ಮ ಗ್ರಾಮೀಣ ಗ್ರಾಹಕನು ಅಕ್ಷರಸ್ಥನಾಗಿದ್ದೂ ನಿರಕ್ಷರಿಯೇ. ಅವು ಕನ್ನಡದಲ್ಲಿಯೂ ದೊರೆಯಬೇಕೆಂದು ಕೇಳುವುದು ನಮ್ಮ ಹಕ್ಕು.

ಆದುದರಿಂದ ನಮ್ಮ ಶಾಲೆಯ ಪ್ರೌಢ ತರಗತಿಗಳಲ್ಲಿ ವರ್ಷಕ್ಕೆ ನಾಲ್ಕು ತಾಸುಗಳನ್ನಾದರೂ ಇಂಥ ಓದಿಗೆ ಮೀಸಲಿಡಬೇಕೆಂದೂ, ಬ್ಯಾಂಕು, ನ್ಯಾಯಾಲಯ, ಪೋಲೀಸು ಇಲಾಖೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಬಂದು ಮಕ್ಕಳಿಗೂ ಅವರ ತಂದೆತಾಯಿಗಳಿಗೂ ತಿಳಿಹೇಳಬೇಕೆಂದೂ ವಿನಂತಿಸುತ್ತೇನೆ. ದಾನಿಗಳು ಕಟ್ಟಡಕ್ಕೆ ಕೊಟ್ಟಂತೆ ಈ ಕಾರ್ಯಕ್ಕೂ ಬೆಂಬಲ ಕೊಡಲಿ. ದುಡಿದು ಗಳಿಸುವುದನ್ನು ಕಲಿಸಿದ ಸಂಸ್ಥೆ, ಗಳಿಸಿದ್ದನ್ನು ಉಳಿಸಿಕೊಳ್ಳುವುದನ್ನೂ ಕಲಿಸಿದರೆ ವಿದ್ಯಾದಾನವು ಪೂರ್ಣವಾಗುತ್ತದೆ.