ಮಧ್ಯಾಂಕ ಮತ್ತು ಅಂಚೆ ಠೇವಣಿ

ನನ್ನ ಬಳಿ ಹತ್ತನೆಯ ತರಗತಿಯ ಗಣಿತ ಓದಿದವರಿಗೆ ನೆನಪಿರಬಹುದು: ನಿಮ್ಮನ್ನು ಎತ್ತರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತವನನ್ನು ಮಧ್ಯಾಂಕವೆಂದು ತೋರಿಸುತ್ತಿದ್ದೆ. ಅವನ ಆಚೆಗೂ ಅರ್ಧ ತರಗತಿ ನಿಂತಿದೆಯೆಂದು ಹೇಳಲು ಮರೆಯುತ್ತಿರಲಿಲ್ಲ. ಆ ಪಾಠವನ್ನು ಮನೆಯಲ್ಲಿ ನಾನೇ ಮರೆತೆ.

2014ರಲ್ಲಿ ನನ್ನ ಕಿರಿಯ ತಂಗಿಯ ಸ್ತನ ಕ್ಯಾನ್ಸರ್ ಮಿದುಳಿಗೆ ಹರಡಿತು. ‘ಒಂದು ವರ್ಷ’ ಎಂಬ ಮಾತು ಎಲ್ಲಿಂದಲೋ ಬಂದು ನಮ್ಮ ಮನೆಯಲ್ಲಿ ಕುಳಿತಿತು. ಅದೇ ವಾರ ಅವಳು, “ಅಣ್ಣಾ, ಅಂಚೆ ಕಚೇರಿಯಲ್ಲಿ ಐದು ವರ್ಷಕ್ಕೆ ಇಡು” ಎಂದು ಹಣ ಕೊಟ್ಟಳು. ಅವಳು ಸಹಿ ಹಾಕಿದ್ದ ನಮೂನೆಯಲ್ಲಿ ನಾನು ಒಂದು ವರ್ಷವೆಂದು ಬರೆದೆ.

ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರ ವಿಷಯವನ್ನು ಓದಿದ್ದು ಆಮೇಲೆ. 1982ರಲ್ಲಿ ಅವರಿಗೆ ಬಂದ ಅಪರೂಪದ ಕ್ಯಾನ್ಸರಿನಲ್ಲಿ ಬದುಕುವ ಅವಧಿಯ ಮಧ್ಯಾಂಕ ಎಂಟು ತಿಂಗಳು. ಅವರು 2002ರವರೆಗೆ ಬದುಕಿದರು. ಅವಧಿಯ ರೇಖೆ ಬಲಗಡೆಗೆ ಬಹುದೂರ ಬಾಲದಂತೆ ಚಾಚಿರುತ್ತದೆಂಬುದನ್ನು ಅವರು ಮೊದಲೇ ಗಮನಿಸಿದ್ದರು.

ತಂಗಿಯದು ಹರ್-2 ಪಾಸಿಟಿವ್ ಬಗೆ. ಮಿದುಳಿನಲ್ಲಿದ್ದುದು ಒಂದೇ ಗಡ್ಡೆ. ಅದನ್ನು ತೆಗೆದು, ಆ ಜಾಗಕ್ಕಷ್ಟೇ ವಿಕಿರಣ ಕೊಟ್ಟರು. ಉಳಿದ ದೇಹವನ್ನು ಟ್ರಾಸ್ಟುಜುಮ್ಯಾಬ್ ಕಾಯಿತು. ಈ ಔಷಧಿಯ ದೊಡ್ಡ ಅಣು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟದು. ಮಿದುಳನ್ನೂ ತಲುಪಬಲ್ಲ ಟುಕಾಟಿನಿಬ್ ಎಂಬ ಮಾತ್ರೆಗೆ 2020ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಮಿದುಳಿಗೆ ಹರಡಿದ್ದವರಲ್ಲಿ ಅದು ಬದುಕಿನ ಮಧ್ಯಾಂಕವನ್ನು 12.5 ತಿಂಗಳಿನಿಂದ 21.6ಕ್ಕೆ ಏರಿಸಿತು. ಇದೂ ಮಧ್ಯಾಂಕವೇ, ಗಮನಿಸಿ!

ಎಲ್ಲರಿಗೂ ಹೀಗಾಗುತ್ತದೆಂದು ನಾನು ಹೇಳಲಾರೆ. ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಹಾದಿ ಇನ್ನೂ ಬಹಳ ಕಠಿಣ. ಹಾಗೆ ತೀರಿಕೊಂಡವರ ಮನೆಗಳಿಗೂ ಹೋಗಿಬಂದಿದ್ದೇನೆ. ಸುಳ್ಳು ಭರವಸೆ ಬೇಡ. ಆದರೆ ವೈದ್ಯರಾಗಿರುವ ನನ್ನ ಶಿಷ್ಯರು ಅಂಕೆಯನ್ನು ಹೇಳುವಾಗ, ಅದು ಯಾವ ಬಗೆಯ ರೋಗದವರ, ಯಾವ ಚಿಕಿತ್ಸೆ ಪಡೆದವರ ಅಂಕೆಯೆಂಬುದನ್ನೂ ರೋಗಿಗೇ ಹೇಳಬೇಕು. ಬಂಧುಗಳಾದ ನಾವು ಬಾಗಿಲ ಮರೆಯಲ್ಲಿ ಪಿಸುಗುಟ್ಟುತ್ತ, ಬದುಕಿರುವವಳ ಲೆಕ್ಕವನ್ನು ಮುಗಿಸಿಬಿಡುವುದು ಅನ್ಯಾಯ. ನಾನು ಮಾಡಿದ್ದು ಅದನ್ನೇ.

ಒಂದು ವರ್ಷ ಕಳೆದು ಠೇವಣಿ ಪಕ್ವವಾದಾಗ ನನ್ನ ಕಳ್ಳತನ ಹೊರಬಿತ್ತು. ಅವಳು ಬೈಯಲಿಲ್ಲ, ಪಾಸ್‌ಪುಸ್ತಕವನ್ನು ಎರಡು ಸಲ ನೋಡಿ ಮಡಚಿಟ್ಟಳು. ಅಂದಿನಿಂದ ಅಂಚೆ ಕಚೇರಿಗೆ ತಾನೇ ಹೋಗುತ್ತಾಳೆ. ಐದು ವರ್ಷದ ಠೇವಣಿಯನ್ನು ಈಗಾಗಲೇ ಎರಡನೆಯ ಸಲ ಇಟ್ಟಾಗಿದೆ.